ಬಾಣಂತಿ ಮಾಳಿಗೆಯ ಮಣ್ಣು

ಹೋದ ವಾರ ನಮ್ಮ ಎದುರು ಮನೆಯವರು ಮೇಲಂತಸ್ತಿನ ನೆತ್ತಿಗೆ ಗಾರೆ ಹಾಕಿಸುತ್ತಿದ್ದರು. ನಾಲ್ಕೈದು ಹೆಣ್ಣಾಳುಗಳು ಕುಕ್ಕರಗಾಲಲ್ಲಿ ಸಾಲಾಗಿ ಕೂತು ಮರದ ಕೊಡತಿಯಿಂದ ಆ ಹಸಿ ಗಾರೆಯನ್ನು ಬಡಿಯುತ್ತಿದ್ದರು. ದಪ್, ದಪ್, ದಪ್. ಒಗ್ಗರಣೆಗೆ ಸಾಸಿವೆ ಹಾಕಿದವಳು ನಾನು ಹಾಗೆಯೇ ನಿಂತುಬಿಟ್ಟೆ. ಸಾಸಿವೆ ಸೀದು ಮನೆಯೆಲ್ಲ ಹೊಗೆಯಾಯಿತು. "ಏನ್ ಸುಡಾಕತ್ತೀಯೇ?" ಎಂದು ನಮ್ಮ ಯಜಮಾನರು ಹೊರಗಿನಿಂದ ಕೂಗಿದರು. ಏನಂತ ಹೇಳಲಿ ಅವರಿಗೆ? ಅವರು ಹುಟ್ಟಿ ಬೆಳೆದದ್ದು ಹೆಂಚಿನ ಮನೆಯಲ್ಲಿ. ಮಣ್ಣಿನ ಮಾಳಿಗೆಯ ಕೆಳಗೆ ಮಲಗಿ ಬೆಳೆದವರಿಗೆ ಆ ಸದ್ದು ಕೇಳಿದರೆ ಏನಾಗುತ್ತದೆ ಎಂಬುದು ಅವರಿಗೆ ತಿಳಿಯುವುದಿಲ್ಲ. ನೀವೂ ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಕಣ್ಣು ಬಿಟ್ಟವರಾದರೆ, ನಾನು ಒಲೆ ಆರಿಸಿ ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತದ್ದು ಯಾಕೆಂದು ಕೇಳಲಾರಿರಿ.

ನಮ್ಮದು ತಂಬ್ರಹಳ್ಳಿ. ನಮ್ಮ ಓಣಿಯ ಮನೆಗಳೆಲ್ಲ ಗೋಡೆಗೆ ಗೋಡೆ ಆತುಕೊಂಡು ನಿಂತಿದ್ದವು. ಕೆಳಗೆ ಜಗಳವಾಡಿ ಮಾತು ಬಿಟ್ಟ ಮನೆಗಳಿಗೂ ಮೇಲೆ ಒಂದೇ ಬಯಲು. ಈ ತುದಿಯಲ್ಲಿ ಮಾಳಿಗೆ ಹತ್ತಿದರೆ ಒಣಹಾಕಿದ ಮೆಣಸಿನಕಾಯಿ, ಸಂಡಿಗೆ, ಕೌದಿಗಳನ್ನು ದಾಟುತ್ತ ಆ ತುದಿಯಲ್ಲಿ ಇಳಿಯಬಹುದಿತ್ತು; ಯಾರ ಮನೆಯಲ್ಲಿ ಏನು ಸಾರು ಎನ್ನುವುದು ಬೆಳಕಿಂಡಿಯಿಂದಲೇ ಮೂಗಿಗೆ ಬರುತ್ತಿತ್ತು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು. ಸವಳೆಂದರೆ ಹಳ್ಳದ ದಂಡೆಯಲ್ಲಿ ಸಿಗುವ, ನಾಲಿಗೆಗಿಟ್ಟರೆ ಉಪ್ಪುಪ್ಪಾದ ಬೂದಿಬಣ್ಣದ ಮಣ್ಣು. ಅದನ್ನು ಹರಡಿ, ನೀರು ಚಿಮುಕಿಸಿ, ಕೊಡತಿಯಿಂದ ಬಡಿದು ಕೂಡಿಸಿದರೆ ಎಂಥ ಮಳೆಗೂ ಹನಿ ಕೆಳಗಿಳಿಯುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಊರಿನ ಬಂಡಿಗಳೆಲ್ಲ ಹಳ್ಳದ ಕಡೆಗೆ. ಆ ತಿಂಗಳು ಓಣಿಯಲ್ಲಿ ಯಾರ ತಲೆಯ ಕೂದಲೂ ಕರಿಯದಾಗಿ ಕಾಣುತ್ತಿರಲಿಲ್ಲ. ನಮ್ಮಜ್ಜ ಕೊಟ್ರಪ್ಪನಿಗಂತೂ ಮಾಳಿಗೆಯೆಂದರೆ ಜೀವ. ಬೇರೆಯವರ ಮನೆ ಸೋರಿದರೆ ಸೊಸೆಯರು ಕೊಡ ಇಡುತ್ತಿದ್ದರು. ನಮ್ಮ ಮನೆ ಸೋರಿದರೆ ಅಜ್ಜ ಊಟ ಬಿಡುತ್ತಿದ್ದ. ಆ ಮುಂಗೋಪಿಯನ್ನು ಉಣ್ಣಿಸುವುದಕ್ಕಿಂತ ಮಾಳಿಗೆ ಬಡಿಯುವುದೇ ಸಲೀಸು ಎಂದು ಅವ್ವ ನಗುತ್ತಿದ್ದಳು.

ನಾನು ಹೇಳಹೊರಟ ಮಳೆ ಎಪ್ಪತ್ತರ ದಶಕದ ಕೊನೆಯ ಒಂದು ದೀಪಾವಳಿಯ ಆಸುಪಾಸಿನದು. ನಾನಾಗ ಕನ್ನಡ ಸಾಲಿಯ ನಾಲ್ಕನೆಯ ಇಯತ್ತೆ. ಗಂಗತ್ತಿ, ಅಂದರೆ ಅಪ್ಪನ ತಂಗಿ, ಬಾಣಂತನಕ್ಕೆಂದು ಹಂಪಸಾಗರದಿಂದ ಬಂದಿದ್ದಳು. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಒಂದು ಸಲ ನಿಂತ ಬಸಿರೂ ಉಳಿಯಲಿಲ್ಲ. ಅತ್ತೆಯ ಮನೆಯಲ್ಲಿ ಅವಳು ತಿಂದ ಮಾತುಗಳನ್ನು ಅವ್ವನ ಹತ್ತಿರ ಹೇಳಿಕೊಂಡು ಅಳುತ್ತಿದ್ದುದನ್ನು ನಾನು ಕೇಳಿಸಿಕೊಂಡಿದ್ದೇನೆ. ಅಂಥವಳಿಗೆ ಈಗ ಗಂಡು ಕೂಸು ಹುಟ್ಟಿತ್ತು. ಬೊಗಸೆಯಷ್ಟಿತ್ತು ಪಾಪ, ಅಳುವುದಕ್ಕೂ ದನಿಯಿರಲಿಲ್ಲ. ಕೂಸಿಗೆ ತಂಡಿ ತಾಕಬಾರದು ಎಂದು ಸೂಲಗಿತ್ತಿ ಕಟ್ಟಪ್ಪಣೆ ಮಾಡಿ ಹೋಗಿದ್ದಳು. ನಮ್ಮ ಮನೆಯ ಒಳಗಿನ ಕೋಣೆಯನ್ನು ಬಾಣಂತಿ ಕೋಣೆ ಮಾಡಿ, ಬಾಗಿಲಿಗೆ ಕೌದಿ ಕಟ್ಟಿ, ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಗೆ ಇಟ್ಟಿದ್ದರು. ಹೊರಸಿನ ಮೇಲೆ ಅತ್ತಿ, ಅವಳ ಮಗ್ಗುಲಿಗೆ ಕೂಸು. ಲೋಬಾನದ ಹೊಗೆ, ಬಜೆಯ ವಾಸನೆ, ಬೆಳ್ಳುಳ್ಳಿ ಖಾರದ ಘಾಟು. ಆ ಕೋಣೆಗೆ ಹೋಗಿ ಬಂದರೆ ನನ್ನ ಲಂಗದಲ್ಲೂ ಅದೇ ವಾಸನೆ. ಅದು ಈಗ ಎಲ್ಲಿ ಸಿಕ್ಕೀತು?

ತೂಫಾನಿನ ಸುದ್ದಿ ತಂದವನು ದರ್ಜಿ ಖಾಜಾಸಾಬ. ಓಣಿಯ ಬಾಯಲ್ಲೇ ಅವನ ಮನೆ, ಮುಂದಿನ ಪಡಸಾಲೆಯೇ ಅಂಗಡಿ, ಹೊಲಿಗೆ ಯಂತ್ರದ ಮಗ್ಗುಲಲ್ಲಿ ಬಟ್ಟೆ ಹೊದ್ದ ರೇಡಿಯೋ. "ಬಂಗಾಳ ಕೊಲ್ಲಿಯಾಗ ತೂಫಾನು ಎದ್ದೈತಂತ್ರಿ ಅಜ್ಜಾರ. ನಮ್ಮ ಕಡಿಗೂ ಗಾಳಿ ಮಳಿ ಜೋರ್ ಐತಂತ" ಎಂದು ಅವನು ಬಂದು ಹೇಳಿದಾಗ, ಪಕ್ಕದ ಮನೆಯ ಹಾಲಮ್ಮ ಮೊರದಲ್ಲಿ ಜೋಳ ಕೇರುತ್ತ ಕೂತಿದ್ದಳು. ಹಾಲಮ್ಮನೆಂದರೆ ಓಣಿಗೆಲ್ಲ ದೊಡ್ಡ ಬಾಯಿ. "ಎಲ್ಲೀ ಬಂಗಾಳ, ಎಲ್ಲೀ ತಂಬ್ರಹಳ್ಳಿ! ಅದಕ್ಕ ದಾರಿ ತೋರ್ಸಾಕ ನೀನೇನರ ಹೋಗಿದ್ದೇನೋ ಖಾಜಾ?" ಎಂದಳು. ಎಲ್ಲರೂ ನಕ್ಕರು, ಖಾಜಾಸಾಬನೂ ನಕ್ಕ. ಸಂಜೆಗೆ ಮೂಡಗಾಳಿ ಬೀಸತೊಡಗಿತು. ಆ ತಿಂಗಳಲ್ಲಿ ಬೀಸುವ ಗಾಳಿಯೇ ಅಲ್ಲ ಅದು. ಊರಾಚೆಯ ಅಣೆಕಟ್ಟಿನ ಹಿನ್ನೀರಿನ ಕಡೆಯಿಂದ ಗುಂಯ್ಯೆಂಬ ಸದ್ದು ಶುರುವಾಯಿತು. ದನಗಳು ಮೇವಿಗೆ ಬಾಯಿ ಹಾಕಲಿಲ್ಲ. ಅಜ್ಜ ಅಂಗಳದಲ್ಲಿ ನಿಂತು ಮೂಡಲಿಗೆ ಮುಖ ಮಾಡಿ ನೋಡಿದ. ಆಮೇಲೆ ಯಾರೂ ನಗಲಿಲ್ಲ.

ಮರುದಿನ ಇಡೀ ಓಣಿಗೆ ಕೈತುಂಬ ಕೆಲಸ. ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆಂದು ಹೆಂಗಸರು ಜೋಳದ ಡಬ್ಬಿ ಹೊತ್ತು ಓಡಿದರು; ಹಿಟ್ಟಿನ ಗಿರಣಿಯ ಮುಂದೆ ಅಂಥ ಪಾಳಿಯನ್ನು ನಾನು ಮತ್ತೆ ಕಂಡಿಲ್ಲ. ಮನೆಮನೆಯಲ್ಲೂ ರೊಟ್ಟಿ ತಟ್ಟುವ ಸದ್ದು. ಅವ್ವ ಕಟಕರೊಟ್ಟಿಯನ್ನು ಒಟ್ಟಿ ಒಟ್ಟಿ ಬಿಳಿ ಬಟ್ಟೆಯಲ್ಲಿ ಕಟ್ಟಿದಳು. ಕುಳ್ಳು, ಕಟ್ಟಿಗೆ ಒಳಗೆ ಬಂದವು. ಮೇವಿನ ಬಣವೆಗೆ ಹಗ್ಗ ಬಿಗಿದು ತುದಿಗೆ ಕಲ್ಲು ಕಟ್ಟಿದರು. ಬೆಳಕಿಂಡಿಗಳ ಮೇಲೆ ಕಡಪಕಲ್ಲು ಮುಚ್ಚಿ, ಮಾಳಿಗೆಯ ನೀರು ಹರಿದು ಬೀಳುವ ಹರನಾಳಿಗೆಯ ಕಸ ತೆಗೆದರು. ಹಾಲಮ್ಮ ತನ್ನ ಕೋಳಿಗಳನ್ನು ಹಿಡಿಯಲು ಓಣಿಯ ಮಕ್ಕಳನ್ನೆಲ್ಲ ಓಡಾಡಿಸಿದಳು; ಕಡೆಗೆ ಒಂದು ಹುಂಜ ಖಾಜಾಸಾಬನ ಅಂಗಡಿಯ ಬಟ್ಟೆಯ ಗಂಟಿನಲ್ಲಿ ಸಿಕ್ಕಿತು. ಹೆದರಿಕೆಯಿತ್ತು, ನಿಜ. ಆದರೆ ಎಲ್ಲರೂ ಕೂಡಿ ಹೆದರುವುದರಲ್ಲಿ ಹಬ್ಬದಂಥದ್ದು ಏನೋ ಇತ್ತು. ಅಂಥ ಹೆದರಿಕೆಯೂ ಈಗ ಇಲ್ಲ ನೋಡಿ. ಈಗ ಮಳೆ ಬಂದರೆ ಅವರವರ ಬಾಗಿಲು ಅವರವರು ಹಾಕಿಕೊಳ್ಳುತ್ತೇವೆ.

ಇನ್ನು ಮಣ್ಣಿನ ಮಾತು. ನಮ್ಮ ಓಣಿಯಲ್ಲೊಂದು ಪದ್ಧತಿಯಿತ್ತು. ಯಾವ ಮನೆಯಲ್ಲಿ ಬಾಣಂತಿ ಇರುತ್ತಾಳೋ ಆ ಮನೆಯ ಮಾಳಿಗೆಗೆ ಮಳೆಗೆ ಮುಂಚೆ ಓಣಿಯ ಪ್ರತಿ ಮನೆಯಿಂದ ಒಂದು ಬುಟ್ಟಿ ಸವಳು ಹೋಗಬೇಕು. ಬಾಣಂತಿಯ ಮೇಲೆ, ಕೂಸಿನ ಮೇಲೆ ಹನಿ ಬಿದ್ದರೆ ಅದು ಓಣಿಗೇ ಅವಮಾನ. ತೇಪೆ ಹಾಕಲೆಂದು ಎಲ್ಲರ ಹಿತ್ತಿಲಲ್ಲೂ ಒಂದೊಂದು ಗುಡ್ಡೆ ಸವಳು ಮುಚ್ಚಿಟ್ಟಿರುತ್ತಿದ್ದರು, ಅದರಿಂದಲೇ ಕೊಡುತ್ತಿದ್ದರು. ಆ ಬೇಸಿಗೆಯಲ್ಲಿ ಅಜ್ಜ ನಮ್ಮ ಮಾಳಿಗೆಗೆ ಆಗಲೇ ಹೊಸ ಸವಳು ಹಾಕಿ ಬಡಿದಿದ್ದ. ಹಳೆಯದನ್ನು ಕೆರೆದು ತೆಗೆದಿರಲಿಲ್ಲ. ಯಾರೂ ತೆಗೆಯುತ್ತಿರಲಿಲ್ಲ, ಪದರಿನ ಮೇಲೆ ಪದರು ಬಿದ್ದಷ್ಟೂ ಒಳ್ಳೆಯದೆಂದೇ ಎಲ್ಲರ ನಂಬಿಕೆ. ಅವತ್ತು ಮೊದಲು ಬಂದವಳು ಹಾಲಮ್ಮ. ತಲೆಯ ಮೇಲೆ ತುಂಬಿದ ಬುಟ್ಟಿ. "ಗಂಗಿ ಕೂಸಿನ ಮ್ಯಾಲ ಒಂದು ಹನಿ ಬಿತ್ತಂದ್ರ ನಾವೆಲ್ಲಾ ಇದ್ದೂ ಸತ್ತಂಗ" ಎನ್ನುತ್ತ ನಿಚ್ಚಣಿಕೆ ಏರಿದಳು. ಅವಳ ಹಿಂದೆ ಅವಳ ಸೊಸೆ, ಅವರ ಹಿಂದೆ ಕೊನೆಯ ಮನೆಯವರು, ನಮ್ಮೊಂದಿಗೆ ಮಾತು ಬಿಟ್ಟಿದ್ದ ನಡುವಿನ ಮನೆಯವರು ಕೂಡ. ಖಾಜಾಸಾಬ ಅಂಗಿಯ ತೋಳು ಮಡಚಿಕೊಂಡು, "ನಮ್ಮನಿದೂ ಒಂದಿರ್ಲಿ ಅಜ್ಜಾರ, ನಿಮ್ಮ ಮೊಮ್ಮಗ ನಮಗೇನು ಬ್ಯಾರೇನು?" ಎಂದು ಸುರಿದ. ಗಂಗತ್ತಿಯ ಕಷ್ಟ ಓಣಿಗೆಲ್ಲ ಗೊತ್ತಿತ್ತು. ಹಾಗಾಗಿ ಯಾರಿಗೂ ಒಂದು ಬುಟ್ಟಿಯಲ್ಲಿ ಸಮಾಧಾನವಿಲ್ಲ. ಒಂದು ಕೊಡಬೇಕಾದವರು ಎರಡು ತಂದರು, ಎರಡು ತಂದವರನ್ನು ನೋಡಿ ಉಳಿದವರು ಮತ್ತೆ ಹೋಗಿ ತಂದರು. ಅಜ್ಜ ನಿಂತು ನೋಡುತ್ತಿದ್ದ. ಹಾಗೆ ಪ್ರೀತಿಯಿಂದ ತಂದ ಮಣ್ಣನ್ನು ಸಾಕು ಎನ್ನುವ ಬಾಯಿ ಯಾರಿಗಿದೆ ಹೇಳಿ? ಸಂಜೆಯತನಕ ಹೆಂಗಸರು ಸಾಲಾಗಿ ಕೂತು ಕೊಡತಿಯಲ್ಲಿ ಬಡಿದರು. ಕೆಳಗೆ ಅತ್ತಿ ಕೂಸಿನ ಕಿವಿಯ ಮೇಲೆ ಅಂಗೈ ಇಟ್ಟುಕೊಂಡು ನಗುತ್ತ ಮಲಗಿದ್ದಳು.

ಮಳೆ ಬಂತು. ಬಂತು ಎಂದರೆ ಸಾಲದು. ಗಾಳಿ ಮೊದಲು ಬಂದು ಊರಮುಂದಿನ ಹುಣಸೆಮರವನ್ನು ಬುಡಸಮೇತ ಮಲಗಿಸಿತು, ಆಮೇಲೆ ಮಳೆ ಅಡ್ಡಡ್ಡವಾಗಿ ಹೊಡೆಯಿತು. ಹಗಲೋ ಇರುಳೋ ತಿಳಿಯದ ಜಡಿ. ಹಗರಿಬೊಮ್ಮನಹಳ್ಳಿಯ ಬಸ್ಸು ನಿಂತಿತು, ಹಳ್ಳ ದಾರಿಯ ಮೇಲೆ ಹರಿಯಿತು, ಕಟ್ಟಿದ ಬಣವೆ ಹಗ್ಗ ಕಳಚಿಕೊಂಡು ಹಾರಿಹೋಯಿತು. ಒಂದೊಂದೇ ಮನೆ ಸೋರತೊಡಗಿತು. ತೇಪೆಯ ಸವಳನ್ನೆಲ್ಲ ನಮಗೆ ಕೊಟ್ಟವರ ಹತ್ತಿರ ತಮ್ಮ ತೂತು ಮುಚ್ಚಲು ಹಿಡಿ ಮಣ್ಣಿರಲಿಲ್ಲ. ಹಾಲಮ್ಮನ ಮನೆಯಲ್ಲಿ ಕೊಡ, ಕೊಪ್ಪರಿಗೆ, ತಾಟು, ತಂಬಿಗೆ ಎಲ್ಲವೂ ನೆಲದ ಮೇಲೆ ಹನಿ ಹಿಡಿಯುತ್ತ ಕೂತವು. ನಮ್ಮ ಬಾಣಂತಿ ಕೋಣೆಯಲ್ಲಿ ಮಾತ್ರ ಒಂದು ಹನಿಯಿಲ್ಲ! ಓಣಿಯಲ್ಲಿ ಒಣಗಿದ ಜಾಗ ಅದೊಂದೇ. ಮೊದಲು ಮಕ್ಕಳು ಬಂದರು, ಆಮೇಲೆ ಮುದುಕರು, ಜೋಳದ ಚೀಲ, ಖಾಜಾಸಾಬನ ರೇಡಿಯೋ, ದೀಪಾವಳಿಗೆಂದು ಅವನು ಹೊಲಿದಿಟ್ಟಿದ್ದ ಅಂಗಿಗಳ ಗಂಟು. ಬಾಣಂತಿ ಕೋಣೆಗೆ ಹೊರಗಿನವರು ಬರಬಾರದೆಂಬ ಮಡಿಯೆಲ್ಲ ಆ ಮಳೆಯಲ್ಲಿ ಕೊಚ್ಚಿಹೋಯಿತು. ರೊಟ್ಟಿ, ಶೇಂಗಾ ಚಟ್ನಿ ಕೈಯಿಂದ ಕೈಗೆ ದಾಟುತ್ತಿತ್ತು. "ಗಂಗೀ, ನಿನ್ನ ಮಗ ಹುಟ್ಟುತ್ಲೇ ಓಣಿ ಕಾಯಾಕತ್ತಾನ ನೋಡವ್ವಾ" ಎಂದು ಹಾಲಮ್ಮ ಕೂಸಿನ ದೃಷ್ಟಿ ತೆಗೆದಳು. ಅತ್ತಿಯ ಮುಖದಲ್ಲಿ ಅಂದು ಕಂಡ ಸುಖವನ್ನು ನಾನು ಬಲ್ಲೆ. ಮಗುವಿಲ್ಲದವಳೆಂದು ತಲೆ ತಗ್ಗಿಸಿಕೊಂಡು ಬದುಕಿದವಳ ಮಗನ ಕೋಣೆಯಲ್ಲಿ ಇಡೀ ಓಣಿ ಬೆಚ್ಚಗೆ ಕೂತಿತ್ತು. ನಡುನಡುವೆ ಜಂತಿಯ ಸಂದಿಯಿಂದ ಒಣ ಮಣ್ಣಿನ ಪುಡಿ ಉದುರುತ್ತಿತ್ತು. ಇಲಿಗಳ ಓಡಾಟವೆಂದು ಅವ್ವ ಅದನ್ನು ಸೆರಗಿನಿಂದ ಝಾಡಿಸುತ್ತಿದ್ದಳು.

ಮಳೆ ನಿಂತದ್ದು ಒಂದು ಮಧ್ಯಾಹ್ನ. ಮೋಡ ಹರಿದು ಬಿಸಿಲು ಬಿತ್ತು. ಕಣ್ಣು ಕುಕ್ಕುವ, ತೊಳೆದಿಟ್ಟಂಥ ಬಿಸಿಲು. ಎಲ್ಲರೂ "ಬದುಕಿದ್ವಿ" ಎನ್ನುತ್ತ ತಮ್ಮ ತಮ್ಮ ಮನೆ ನೋಡಿಕೊಳ್ಳಲು ಎದ್ದರು. ಚೀಲಗಳು ಹೊರಗೆ ಹೋದವು, ಮಕ್ಕಳು ಕೆಸರಿಗೆ ಹಾರಿದವು. ಗಂಗತ್ತಿಗೆ ಅಷ್ಟು ದಿನವೂ ತಲೆಗೆ ನೀರು ಬಿದ್ದಿರಲಿಲ್ಲ. ಅವ್ವ ಬಚ್ಚಲ ಹಂಡೆಗೆ ಉರಿ ಹಾಕಿ ಕರೆದಳು. ಅತ್ತಿ ಕೂಸನ್ನು ಎತ್ತಿಕೊಂಡೇ ಎದ್ದಳು, ಬಚ್ಚಲ ಒಲೆಯ ಹತ್ತಿರ ಬೆಚ್ಚಗಿರುತ್ತದೆ, ಅಲ್ಲೇ ಮೊರದಲ್ಲಿ ಮಲಗಿಸಿಕೊಳ್ಳುತ್ತೇನೆ ಎಂದು. ಬಾಗಿಲಲ್ಲಿ ನಿಂತಿದ್ದ ಅಜ್ಜ ಬೇಡವೆಂದ. "ಮಲಗಿದ ಕೂಸನ್ನ ಯಾಕ ಎಬ್ಬಿಸ್ತೀಯವ್ವಾ? ಇಡೀ ಊರಾಗ ಇದಕ್ಕಿಂತ ಗಟ್ಟಿ ಜಾಗ ಎಲ್ಲೈತಿ?" ಅತ್ತಿ ಕೂಸನ್ನು ಹೊರಸಿನ ಮೇಲೆ ಮಲಗಿಸಿ, ಕೌದಿ ಹೊದಿಸಿ ಹೋದಳು. ಅಜ್ಜ ಅಂಗಳಕ್ಕೆ ಬಂದು, ಬಿಸಿಲಿಗೆ ಬೆನ್ನು ಕೊಟ್ಟು, ಹಾಲಮ್ಮನ ಮನೆಯ ಸೋರಿಕೆಯನ್ನು ಆಡಿಕೊಂಡು ನಗುತ್ತಿದ್ದ. ಆಗ ಒಳಗೆ ಸದ್ದಾಯಿತು. ಮೊದಲು ಮರ ಸೀಳಿದ್ದು, ಆಮೇಲೆ ಎಲ್ಲವೂ ಒಮ್ಮೆಲೇ ಕುಸಿದದ್ದು. ಬಾಗಿಲಿಂದ ಧೂಳು ಹೊರಗೆ ನುಗ್ಗಿತು.

ಸೋರಿದ ಮಾಳಿಗೆಗಳೆಲ್ಲ ನಿಂತಿದ್ದವು. ಒಂದು ಹನಿಯನ್ನೂ ಕೆಳಗೆ ಬಿಡದ ನಮ್ಮ ಮಾಳಿಗೆ ಅಷ್ಟೂ ದಿನದ ಮಳೆಯನ್ನು ಕುಡಿದು ಹಿಡಿದಿಟ್ಟುಕೊಂಡಿತ್ತು. ಓಣಿಯವರೆಲ್ಲ ಬರಿಗೈಯಲ್ಲಿ ಆ ಮಣ್ಣು ತೋಡಿದರು. ಕೂಸು ಸಿಕ್ಕಿತು. ಖಾಜಾಸಾಬ ಅದನ್ನು ತನ್ನ ಗಂಟಿನ ಹೊಸ ಅಂಗಿಯೊಂದರಲ್ಲಿ ಸುತ್ತಿ ಎತ್ತಿ ತಂದ. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ, ಮಳೆ ಹೊಳವಾಗಲೆಂದು ಕಾಯುತ್ತಿದ್ದೆವು. ಅತ್ತಿ ನೆನೆದ ತಲೆಯಲ್ಲೇ ಅಂಗಳದಲ್ಲಿ ಕೂತು ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ಅಳಲಿಲ್ಲ. ಅತ್ತವಳು ಹಾಲಮ್ಮ. "ನನ್ನ ಬುಟ್ಟೀನ ಮುಳುವಾತೋ ಯಪ್ಪಾ! ನಾನ ಹೇರಿದ್ನೋ!" ಎಂದು ಎದೆ ಎದೆ ಬಡಿದುಕೊಂಡಳು. ಅವಳ ಸೊಸೆ, "ನಾನೂ ಎರಡು ಹಾಕಿದ್ನಲ್ಲಾ" ಎಂದು ಗೋಡೆಗೆ ತಲೆ ಕೊಟ್ಟಳು. ಒಬ್ಬೊಬ್ಬರೂ ತಮ್ಮ ತಮ್ಮ ಬುಟ್ಟಿಯ ನೆನಪು ಮಾಡಿಕೊಂಡು ಮುಖ ಮುಚ್ಚಿಕೊಳ್ಳತೊಡಗಿದರು. ಆಗ ಅಜ್ಜ ಕುಸಿದ ಕೋಣೆಯ ಬಾಗಿಲಿಗೆ ಅಡ್ಡ ಬಂದು ನಿಂತ. ಅವನ ದನಿ ಗಟ್ಟಿಯಾಗಿತ್ತು. "ಸುಮ್ನಿರ್ರಿ ಎಲ್ಲಾರೂ. ಮಣ್ಣಿಂದೇನೂ ತಪ್ಪಿಲ್ಲ. ತೊಲಿಗೆ ಗೆದ್ದಲು ಹತ್ತಿತ್ತು. ನಾ ಹೋದ ವರ್ಷನ ನೋಡಿದ್ದೆ, ಬದ್ಲಿ ಮಾಡ್ತೀನಿ ಅಂತ ಬಿಟ್ಟೆ. ತಪ್ಪು ನಂದು." ಹಾಲಮ್ಮನ ಅಳು ಅಲ್ಲೇ ನಿಂತಿತು. ಅತ್ತಿ ತಲೆಯೆತ್ತಿ ತನ್ನ ಅಪ್ಪನನ್ನು ನೋಡಿದಳು. ಆ ನೋಟವನ್ನು ನಾನು ನೋಡಬಾರದಿತ್ತು.

ಸಂಡೂರಿನ ಕಡೆಯಿಂದ ತಂದ ಮತ್ತಿ ಮರದ ತೊಲೆ ಅದು. ಮರುದಿನ ಅಜ್ಜ ಯಾರನ್ನೂ ಹತ್ತಿರ ಸೇರಿಸದೆ ಅದನ್ನು ತಾನೇ ಕೊಡಲಿಯಿಂದ ಕಡಿಯುತ್ತಿದ್ದ. ಮುರಿದ ಕಡೆ ನಾನು ನೋಡಿದೆ. ಒಳಗೆ ಕೆಂಪಗೆ, ಗಟ್ಟಿಯಾಗಿ, ಆಗಷ್ಟೇ ಕಡಿದ ಮರದಂತೆ ಇತ್ತು. "ಗೆದ್ದಲು ಎಲ್ಲೈತಿ ಅಜ್ಜ?" ಎಂದು ಕೇಳಿದೆ. ಅಜ್ಜ ಕೊಡಲಿ ಕೆಳಗಿಟ್ಟ. ನನ್ನನ್ನು ಹತ್ತಿರ ಕರೆದು, "ಇತ್ತವ್ವಾ. ನೀ ಸಣ್ಣಾಕಿ, ನಿನಗ ಕಾಣೂದಿಲ್ಲ" ಎಂದ. ಕೊಡಲಿಯನ್ನು ಮತ್ತೆ ಎತ್ತಿಕೊಳ್ಳುತ್ತ ತನ್ನಷ್ಟಕ್ಕೇ ಎಂಬಂತೆ, "ನಾಳಿ ಅವರೂ ಈ ಓಣ್ಯಾಗ ಬದುಕಬೇಕಲ್ಲ" ಎಂದ. ಆ ಕಟ್ಟಿಗೆಯೆಲ್ಲ ಬಚ್ಚಲ ಒಲೆಗೆ ಹೋಯಿತು. ಅಂಗಳದಲ್ಲಿ ಓಡಾಡಿದ ಓಣಿಯವರೂ ಆ ಕೆಂಪು ಮರವನ್ನು ನೋಡಿದ್ದರು. ಅಜ್ಜ ಕೊಟ್ಟ ಸುಳ್ಳನ್ನು ಎಲ್ಲರೂ ಸುಮ್ಮನೆ ಇಸಿದುಕೊಂಡರು, ಪಾಪ, ಅವರಿಗೂ ಬೇರೆ ದಾರಿಯಿರಲಿಲ್ಲ.

ಅತ್ತಿ ಮಾತ್ರ ಅದನ್ನು ನಂಬಿದಳು. ಹಂಪಸಾಗರದಿಂದ ಅವಳ ಗಂಡ ಬಂದು ಬಂಡಿಯಲ್ಲಿ ಕರೆದುಕೊಂಡು ಹೋಗುವಾಗ ಅಜ್ಜ ಎದುರು ನಿಂತಿದ್ದ. "ಗೊತ್ತಿದ್ದೂ ಅದರ ಕೆಳಗ ಮಲಗಿಸಿದಿ" ಎಂದಳು. ಅಷ್ಟೇ. ಅಜ್ಜ ತಲೆ ತಗ್ಗಿಸಿದ, ಇಲ್ಲ ಎನ್ನಲಿಲ್ಲ. ಅದಾದ ಮೇಲೆ ಪ್ರತಿ ನಾಗರಪಂಚಮಿಗೆ ಅಪ್ಪ ಅವಳನ್ನು ಕರೆಯಲು ಹೋಗುತ್ತಿದ್ದ, ಬರಿಗೈಯಲ್ಲಿ ಬರುತ್ತಿದ್ದ. ಕೆಲವು ವರ್ಷಕ್ಕೆ ಅವಳಿಗೆ ಮಗಳು ಹುಟ್ಟಿದಳು. ಬಾಣಂತನ ಗಂಡನ ಮನೆಯಲ್ಲೇ ಆಯಿತು. ಅವ್ವ ಕೊಬ್ಬರಿ, ಅಂಟು, ಬೆಲ್ಲ ಕಟ್ಟಿ ಕಳಿಸಿದಳು. ಅಜ್ಜ ಮೊಮ್ಮಗಳು ಯಾರ ಹಾಗಿದ್ದಾಳೆಂದು ಅಪ್ಪನನ್ನು ಕೇಳಿ ಕೇಳಿ ತಿಳಿದುಕೊಂಡ. ಒಂದು ಸಲ ಅವ್ವ ತಡೆಯಲಾರದೆ, "ನಾನರ ಹೋಗಿ ಖರೇದು ಹೇಳ್ತೀನ್ರಿ ಮಾವಾರ" ಎಂದಳು. ಅಜ್ಜ ಎರಡೂ ಕೈ ಮುಗಿದುಬಿಟ್ಟ. ಮಾವ ಸೊಸೆಗೆ ಕೈ ಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಮ್ಮ ಓಣಿಯಲ್ಲಿ ಆಮೇಲೂ ಬಾಣಂತಿಯರಿದ್ದರು, ಮಳೆಯೂ ಬಂತು. ಆದರೆ ಯಾರೂ ಯಾರ ಮಾಳಿಗೆಗೂ ಬುಟ್ಟಿ ಹೊತ್ತು ಹೋಗಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ, ತಾನಾಗಿಯೇ ನಿಂತುಹೋಯಿತು. ಒಬ್ಬೊಬ್ಬರೇ ತಗಡು ಹೊದಿಸಿದರು, ಆಮೇಲೆ ಸಿಮೆಂಟಿನ ಮನೆ ಕಟ್ಟಿದರು, ನಡುವೆ ಗೋಡೆಗಳು ಎದ್ದವು.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಕಾಲೇಜು ಓದುತ್ತಿದ್ದಾಗ ಅಜ್ಜ ತೀರಿಕೊಂಡ. ನಮ್ಮಲ್ಲಿಯ ಪದ್ಧತಿಯಂತೆ ಹೆಣವನ್ನು ಪಡಸಾಲೆಯಲ್ಲಿ ಗೋಡೆಗೊರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಏರಿಸಿದ್ದರು. ಗಂಗತ್ತಿ ಮಗಳ ಕೈ ಹಿಡಿದುಕೊಂಡು ಬಂದಳು. ಕೂದಲು ನರೆತಿತ್ತು. ಬಾಗಿಲಿಗೆ ಬಂದವಳು ಒಳಗೆ ಬರಲಿಲ್ಲ, ಹೊಸ್ತಿಲಾಚೆ ಕಂಬ ಹಿಡಿದು ನಿಂತಳು. ಹಾಲಮ್ಮನಿಗೆ ಆಗ ನಡೆಯಲು ಬರುತ್ತಿರಲಿಲ್ಲ. ಕೂತಲ್ಲಿಂದ ಕೈಯೂರಿ ತೆವಳುತ್ತ ಹೊಸ್ತಿಲ ತನಕ ಹೋದಳು. ಅತ್ತಿಯ ಕಾಲು ಹಿಡಿದಳು. "ಗೆದ್ದಲು ಇರ್ಲಿಲ್ಲವ್ವಾ ಗಂಗಿ. ತೊಲಿ ಗಟ್ಟಿ ಇತ್ತು. ಕೂಸನ್ನ ಕೊಂದದ್ದು ನಾವು ಹೇರಿದ ಮಣ್ಣು. ನಾವು ಎದಿ ಒಡಕೊಂಡು ಸಾಯ್ತೀವಂತ ಅಂವ ಸುಳ್ಳು ಹೇಳಿದ. ನಮಗೆಲ್ಲಾರಿಗೂ ಗೊತ್ತಿತ್ತು" ಎಂದಳು. ಹೊರಗೆ ಕಟ್ಟೆಯ ಮೇಲಿದ್ದ ಖಾಜಾಸಾಬ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡ.

"ಒಬ್ಬರರ ನನಗ ಹೇಳಬಾರದಿತ್ತೇನ್ರೇ?" ಎಂದಳು ಅತ್ತಿ. ಅವಳು ಒಳಗೆ ಬಂದು ಅಜ್ಜನ ಎದುರು ಕೂತಳು. ಅವನ ತಣ್ಣಗಿನ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬೈದಳು. ಯಪ್ಪಾ, ನಿನ್ನ ಮಗಳಿಗಿಂತ ಓಣಿ ದೊಡ್ಡದಾತೇನು ಎಂದು, ನಾನೂ ನಿನ್ನ ಓಣಿಯವಳಲ್ಲವೇನು ಎಂದು, ಜೀವ ಇದ್ದಾಗ ಒಂದು ಮಾತು ಆಡಬಾರದಿತ್ತೇನು ಎಂದು ಬಾಯಿಗೆ ಬಂದಂತೆ ಬೈದಳು. ಬೈದು ಬೈದು ಸೋತ ಮೇಲೆ ಮಗಳನ್ನು ಹತ್ತಿರ ಎಳೆದು, ಇವಳು ನಿನ್ನ ಮೊಮ್ಮಗಳು, ಸಾಲಿಗೆ ಹೋಗ್ತಾಳ, ನಿನ್ನಂಗ ಸಿಟ್ಟಿನಾಕಿ ಎಂದು ಶುರು ಮಾಡಿದಳು. ಹಂಪಸಾಗರದ ಮನೆ, ಹೊಲ, ಎಮ್ಮೆ ಈದದ್ದು, ಗಂಡನ ಕಾಯಿಲೆ, ಪಂಚಮಿಗೆ ಅಣ್ಣನನ್ನು ತಿರುಗಿ ಕಳಿಸಿ ಅಡುಗೆಮನೆಯಲ್ಲಿ ಕೂತು ಅತ್ತದ್ದು, ಅಷ್ಟೂ ವರ್ಷಗಳ ಸುದ್ದಿಯನ್ನು ಒಂದೂ ಬಿಡದೆ ಹೇಳುತ್ತಾ ಹೋದಳು. ಹೊತ್ತು ಇಳಿಯುತ್ತಿತ್ತು. ಹೆಣ ಹೊರುವ ವಿಮಾನ ಕಟ್ಟಿ ಆಗಿತ್ತು, ಭಜನೆಯವರು ಬಂದಿದ್ದರು. ಅಪ್ಪ ಹೆಗಲು ಕೊಡುವವರನ್ನು ಕರೆದುಕೊಂಡು ಒಳಗೆ ಬಂದ. ಅತ್ತಿ ತಿರುಗಿ ನೋಡಲಿಲ್ಲ.

"ಇನ್ನೊಂದೀಟು ತಡೀರಿ" ಎಂದಳು. "ಇನ್ನೂ ಹೇಳೂದೈತಿ."

ತಡೆದರು. ಓಣಿಯವರೆಲ್ಲ ನಿಂತೇ ಇದ್ದರು.